ಸ್ಟ್ರೆಮಿನ್ಸ್ಕಿ: ನೋಟದ ಪಾಠ ಹೇಳಿದ ಚಿತ್ರಕಾರ

ಪೋಲೆಂಡಿನ ಆಧುನಿಕ ಚಿತ್ರಕಲೆಯ ಪ್ರವರ್ತಕರಲ್ಲೊಬ್ಬರಾದ ವ್ಲಾಡಿಸ್ಲಾವ್ ಸ್ಟ್ರೆಮಿನ್ಸ್ಕಿ ಜನಿಸಿದ್ದು 1893ರಲ್ಲಿ, ಇಂದಿನ ಬೆಲಾರುಸ್‌ನ ಮಿನ್ಸ್ಕ್ ನಗರದಲ್ಲಿ. ಓದಿದ್ದು ಸೇನಾ ಎಂಜಿನಿಯರಿಂಗ್. ಮೊದಲ ಮಹಾಯುದ್ಧದಲ್ಲಿ ರಷ್ಯಾ ಸೇನೆಯಲ್ಲಿದ್ದಾಗ, 1916ರಲ್ಲಿ ಗ್ರೆನೇಡ್ ಸ್ಫೋಟದಿಂದ ಒಂದು ಕೈ, ಒಂದು ಕಾಲು ಕಳೆದುಕೊಂಡರು. ಕಲೆಯತ್ತ ಹೊರಳಿದ್ದು ಆ ಬಳಿಕವೇ. ಮಾಲೆವಿಚ್ ಅವರ ಒಡನಾಟ, ಶಿಲ್ಪಿ ಕಟಾರ್ಜಿನಾ ಕೋಬ್ರೋ ಜತೆ ವಿವಾಹ, ನಂತರ ಪೋಲೆಂಡಿಗೆ ವಲಸೆ.

ಚಿತ್ರಪಟದ ಪ್ರತಿ ಭಾಗಕ್ಕೂ ಸಮಾನ ಮಹತ್ವವಿರಬೇಕು, ಬಣ್ಣ-ಆಕಾರಗಳ ನಡುವೆ ಸಂಘರ್ಷ ಸಲ್ಲದು ಎಂಬುದು ಅವರ 'ಯೂನಿಸಂ' ಸಿದ್ಧಾಂತದ ತಿರುಳು. 'ಎ.ಆರ್.' ಬಳಗದೊಂದಿಗೆ ಅವರು ಸಂಗ್ರಹಿಸಿದ ಐರೋಪ್ಯ ನವ್ಯ ಕಲಾಕೃತಿಗಳು 1931ರಲ್ಲಿ ಲೋಡ್ಜ್ (ಪೋಲಿಷರ ಬಾಯಲ್ಲಿ 'ವುಚ್') ನಗರದ ವಸ್ತುಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಜವಳಿ ಗಿರಣಿಗಳ ಊರಿಗೆ ಇದು ಸಣ್ಣ ಕೊಡುಗೆಯಲ್ಲ.

1945ರಲ್ಲಿ ಅದೇ ನಗರದಲ್ಲಿ ಕಲಾಶಾಲೆಯೊಂದರ ಸ್ಥಾಪನೆಗೆ ಕೈಜೋಡಿಸಿ ಅಧ್ಯಾಪಕರಾದರು. ಆದರೆ ಸಮಾಜವಾದಿ ವಾಸ್ತವವಾದವೇ ಸರಕಾರದ ಏಕೈಕ ಕಲಾನೀತಿಯಾದಾಗ ಅವರು ಮಣಿಯಲಿಲ್ಲ. 1950ರಲ್ಲಿ ಕೆಲಸದಿಂದ ವಜಾಗೊಂಡರು. 1948ರಲ್ಲಿ ಅವರು ವಿನ್ಯಾಸಗೊಳಿಸಿದ್ದ ಸಂಗ್ರಹಾಲಯದ 'ನಿಯೋಪ್ಲಾಸ್ಟಿಕ್ ಕೊಠಡಿ'ಯ ಗೋಡೆಗಳಿಗೂ ಬಣ್ಣ ಬಳಿದು ಅಳಿಸಲಾಯಿತು. ಕಡುಬಡತನದಲ್ಲಿ, ಕ್ಷಯರೋಗದಿಂದ 1952ರ ಡಿಸೆಂಬರ್ 26ರಂದು ನಿಧನರಾದರು.

ಗುರುವನ್ನು ಶಿಷ್ಯರು ಕೈಬಿಡಲಿಲ್ಲ. ಅವರ ಉಪನ್ಯಾಸಗಳ ಫಲವಾದ 'ದೃಷ್ಟಿಯ ಸಿದ್ಧಾಂತ' 1958ರಲ್ಲಿ ಪ್ರಕಟವಾಯಿತು. ಅಳಿಸಿದ ಕೊಠಡಿಯನ್ನು 1960ರಲ್ಲಿ ಶಿಷ್ಯ ಬೊಲೆಸ್ಲಾವ್ ಉಟ್ಕಿನ್ ಪುನರ್ನಿರ್ಮಿಸಿದರು. ಅವರನ್ನು ಹೊರಹಾಕಿದ ಕಲಾಶಾಲೆ ಇಂದು ಅವರದೇ ಹೆಸರು ಹೊತ್ತಿದೆ. ಆಂದ್ರೆಯ್ ವಾಯ್ದಾ ಅವರ ಕೊನೆಯ ಚಲನಚಿತ್ರ 'ಪೊವಿಡೋಕಿ' (2016) ಈ ಅಂತಿಮ ವರ್ಷಗಳ ಕಥನ. ಪತ್ನಿ ಕೋಬ್ರೋ ಸ್ವತಃ ಮಹತ್ವದ ಕಲಾವಿದೆಯಾಗಿದ್ದರೂ ಅದರಲ್ಲಿ ಬಹುತೇಕ ಅಗೋಚರ. ಇದು ಆ ಚಿತ್ರದ ದೊಡ್ಡ ಕೊರತೆ.