ಸಾಧಾರಣ ಅಂಕ ಸಾಕೇ?

ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಹಳೆಯ ಶಿಷ್ಯರು ತಮ್ಮ ಮಕ್ಕಳ ಬಗೆಗೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮೇಷ್ಟ್ರೇ, ಇಷ್ಟು ಅಂಕಕ್ಕೆ ಸೀಟು ಸಿಗುತ್ತದೆಯೇ?" ಇದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕೆಂಬುದು ನನ್ನ ಅಭಿಪ್ರಾಯ.

ಚಾಮರಾಜನಗರವೂ ಗುಂಡ್ಲುಪೇಟೆಯೂ ಮೈಸೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದ ಕಾಲ. 1962ರ ಜುಲೈ 31ರಂದು ಮೈಸೂರು ಸರ್ಕಾರವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇಕಡಾ 68 ಸ್ಥಾನಗಳನ್ನು ಮೀಸಲಿಟ್ಟಿತು. ಅದೇ ಸೆಪ್ಟೆಂಬರಿನಲ್ಲಿ, ಬಾಲಾಜಿ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿ, ಮೀಸಲಾತಿಯು ಸಾಮಾನ್ಯವಾಗಿ ಅರ್ಧವನ್ನು ಮೀರಬಾರದೆಂದಿತು. ವಿದ್ಯಾರ್ಥಿಗಳ ಅಂಕಪಟ್ಟಿಯಲ್ಲಿ ಒಂದಂಕಿಯೂ ಬದಲಾಗಲಿಲ್ಲ. ಅದರ ಬೆಲೆ ಮಾತ್ರ ಬದಲಾಯಿತು.

ಮರುವರ್ಷ ಸಂದರ್ಶನ ಬಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಆಟೋಟ, ಚರ್ಚಾಕೂಟ, ನಾಟಕ ಮುಂತಾದವಕ್ಕೆ ಕೊಡಲಾಯಿತು. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ನ್ಯಾಯಾಲಯವು ಈ ಪದ್ಧತಿಯನ್ನು ಎತ್ತಿಹಿಡಿಯಿತು. ಚರ್ಚಾಕೂಟವನ್ನೇ ಕಾಣದ ಹಳ್ಳಿಯ ಹುಡುಗನಿಗೆ, ಬರೆದು ಗಳಿಸಿದ್ದನ್ನು ಮಾತಿನಲ್ಲಿ ಕಳೆದುಕೊಳ್ಳುವ ಭಯವಿತ್ತು.

ಆಮೇಲೆ ಬಂದದ್ದು ಹಣದ ಬಾಗಿಲು. 1984ರಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯಾಯಿತು. ಆದರೂ 1989ರ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಅದು ದೊರೆಯದ ನಮ್ಮ ರಾಜ್ಯದವನಿಗೆ 25,000 ರೂಪಾಯಿವರೆಗೆ. ಹೊರರಾಜ್ಯದವನಿಗೆ 60,000 ರೂಪಾಯಿವರೆಗೆ. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು. ಕೆಲವೇ ಅಂಕಗಳ ಅಂತರಕ್ಕೆ ಬಡ ರೈತನು ತೆರಬೇಕಿದ್ದ ಬೆಲೆಯೆಷ್ಟೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಇಂದು ಎಂಜಿನಿಯರಿಂಗ್‌ಗೆ ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕವಿದ್ದರೆ ಅರ್ಹತೆಯುಂಟು. ಆದರೆ ಸೀಟನ್ನು ನಿರ್ಧರಿಸುವುದು ರ‍್ಯಾಂಕು. ಅದರಲ್ಲಿ ಅರ್ಧ ಪಿಯುಸಿಯದು, ಅರ್ಧ ಸಿಇಟಿಯದು. ವೈದ್ಯಕೀಯಕ್ಕೆ ನೀಟ್. 2016ರಲ್ಲಿ ಚಾಮರಾಜನಗರಕ್ಕೇ ವೈದ್ಯಕೀಯ ಕಾಲೇಜು ಬಂದಿತು. ಆದರೂ ಊರಿನವನೆಂಬ ಕಾರಣಕ್ಕೆ ಅಲ್ಲಿ ಸೀಟು ದೊರೆಯದು.

ಆದ್ದರಿಂದ ನನ್ನ ಉತ್ತರವಿಷ್ಟೆ: ಸಾಧಾರಣ ಅಂಕವು ಅರ್ಹತೆಗೆ ಸಾಕು, ಸ್ಪರ್ಧೆಗೆ ಸಾಲದು. ಅವೆರಡರ ನಡುವಿನ ಅಂತರವನ್ನು ಕಿರಿದಾಗಿಸುವುದು ನಿಯಮ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳುಂಟು. ನಿಮ್ಮ ಮಕ್ಕಳು ಇದಕ್ಕೆ ಸೇರುವವರಾದರೆ, ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದಲೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದಲೂ ಸಕಾಲದಲ್ಲಿ ಪಡೆದಿಡಿ. ಅಂಕವನ್ನು ಮಕ್ಕಳು ಗಳಿಸಲಿ. ನಿಯಮವನ್ನು ಹಿರಿಯರು ಓದಿಕೊಳ್ಳಲಿ.