ಪೋಯಿಕ್ ಸೇತುವೆ ಕಾಳಗ, 23 ಸೆಪ್ಟೆಂಬರ್ 1642

ಆಕ್ಸ್‌ಫರ್ಡ್‌ನಿಂದ ದೊರೆ ಒಂದನೇ ಚಾರ್ಲ್ಸ್‌ಗೆಂದು ಬೆಳ್ಳಿ ಸಾಮಾನು ಹೊತ್ತು ಸರ್ ಜಾನ್ ಬೈರನ್ ವೂಸ್ಟರ್ ಪಟ್ಟಣ ತಲುಪಿದ್ದ. ಅವನ ಬೆಂಗಾವಲಿಗೆ ಬಂದವನು ದೊರೆಯ ಸೋದರಳಿಯ, 22ರ ಹರೆಯದ ರೂಪರ್ಟ್. ಅವನ ಸವಾರರು ಇಲ್ಲಿನ ಬಯಲಲ್ಲಿ ಕವಚ ಕಳಚಿಟ್ಟು ದಣಿವಾರಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಟೀಮ್ ನದಿಯ ಈ ಕಿರಿದಾದ ಸೇತುವೆ ದಾಟಿ, ಇಕ್ಕಟ್ಟಿನ ಓಣಿ ಹಿಡಿದು, ದೊರೆಯ ವಿರುದ್ಧ ಅಂತರ್ಯುದ್ಧಕ್ಕಿಳಿದಿದ್ದ ಸಂಸತ್ತಿನ ಪಡೆ ಬಂತು. ಎರಡೂ ಕಡೆ ಸುಮಾರು ಸಾವಿರ ಕುದುರೆಗಳು. ಎದುರಾಳಿಗಳು ಬಯಲಿಗಿಳಿದು ಸಾಲುಗಟ್ಟುವ ಮೊದಲೇ ರೂಪರ್ಟ್ ಮೇಲೆ ಬಿದ್ದ. ಕವಚ ತೊಡಲು ಪುರುಸೊತ್ತೆಲ್ಲಿ? ಸುಮಾರು ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಸಂಸತ್ತಿನ ಕರ್ನಲ್ ಎಡ್ವಿನ್ ಸ್ಯಾಂಡಿಸ್ ಗಾಯಗೊಂಡು ಮುಂದೆ ಅದರಿಂದಲೇ ತೀರಿಕೊಂಡ.

ಗೆದ್ದ ರೂಪರ್ಟ್ ಊರಲ್ಲಿ ನಿಲ್ಲದೆ ಬೆಳ್ಳಿಯೊಂದಿಗೆ ಹೊರಟ. ಮರುದಿನವೇ ಸಂಸತ್ತಿನ ಸೇನೆ ವೂಸ್ಟರ್ ಹೊಕ್ಕಿತು. 1651ರಲ್ಲಿ ಅಂತರ್ಯುದ್ಧದ ಕೊನೆಯ ದೊಡ್ಡ ಕದನ ನಡೆದಾಗಲೂ ಈ ಸೇತುವೆಗಾಗಿ ಹೋರಾಟವಾಯಿತು.