ಮಕ್ಕಳ ಮೂತ್ರಪಿಂಡದಲ್ಲಿ ಕಟ್ಟಿಕೊಂಡ ಮೂತ್ರವನ್ನು ಹೊರಹರಿಸುವ ಚಿಕಿತ್ಸೆಗಳು: ಪೋಷಕರಿಗೆ ಮಾಹಿತಿ

ಪೀಠಿಕೆ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ ಮತ್ತು ವಾಡಿ ಭಾಗದ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಮೂತ್ರಪಿಂಡದಲ್ಲಿ ಮೂತ್ರ ಕಟ್ಟಿಕೊಂಡ ಮಗುವಿಗೆ ಕೊಳವೆ ಅಳವಡಿಸುವ ಕಾರ್ಯವು ಕಲಬುರಗಿ, ಬೆಂಗಳೂರು ಅಥವಾ ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ಆ ಕೊಳವೆಯು ಮಗುವಿನೊಂದಿಗೆ ಊರಿಗೆ ಬರುತ್ತದೆ. ಚಂದ್ರಂಪಳ್ಳಿಯಂತಹ ಗ್ರಾಮದಲ್ಲಿ ಅದನ್ನು ವಾರಗಟ್ಟಲೆ ನೋಡಿಕೊಳ್ಳುವವರು ತಾಯಿ-ತಂದೆಯರೇ ಆಗಿರುತ್ತಾರೆ. ಆದ್ದರಿಂದ ಇಲ್ಲಿ ಶಸ್ತ್ರಚಿಕಿತ್ಸೆಯ ವಿವರಕ್ಕಿಂತ ಮನೆಯಲ್ಲಿ ಮಾಡಬೇಕಾದ ಆರೈಕೆಗೆ ಹೆಚ್ಚಿನ ಗಮನ ನೀಡಲಾಗಿದೆ. ಸದರಿ ಮಾಹಿತಿಯು ವೈದ್ಯರ ಸಲಹೆಗೆ ಬದಲಿಯಲ್ಲ.

ಮೂತ್ರ ಕಟ್ಟಿಕೊಳ್ಳುವುದು ಹೇಗೆ

ಮೂತ್ರಪಿಂಡದಲ್ಲಿ ತಯಾರಾದ ಮೂತ್ರವು ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಇಳಿದು, ಅಲ್ಲಿಂದ ಹೊರಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿಯಾದರೂ ತಡೆ ಉಂಟಾದಲ್ಲಿ ಮೇಲಿನ ಭಾಗವು ಹಿಗ್ಗುತ್ತದೆ. ಮೂತ್ರಪಿಂಡದ ಈ ಹಿಗ್ಗುವಿಕೆಗೆ ಹೈಡ್ರೋನೆಫ್ರೋಸಿಸ್ ಎಂದು ಹೆಸರು. ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ ಹುಟ್ಟಿನಿಂದ ಬಂದ ರಚನಾ ದೋಷಗಳು. ಮೂತ್ರಪಿಂಡ ಮತ್ತು ಮೂತ್ರನಾಳ ಕೂಡುವ ಸ್ಥಳ ಕಿರಿದಾಗಿರುವುದು ಅವುಗಳಲ್ಲಿ ಸಾಮಾನ್ಯವಾದುದು. ಗಂಡು ಮಕ್ಕಳಲ್ಲಿ ಮಾತ್ರ ಕಂಡುಬರುವ ಇನ್ನೊಂದು ದೋಷವಿದೆ. ಮೂತ್ರಕೋಶದ ಕೆಳಗಿನ ಹೊರನಾಳದಲ್ಲಿ ತೆಳುವಾದ ಪೊರೆಯು ಕವಾಟದಂತೆ ಅಡ್ಡ ನಿಂತಿರುತ್ತದೆ. ಇದು ಎರಡೂ ಮೂತ್ರಪಿಂಡಗಳಿಗೆ ಅಪಾಯಕಾರಿಯಾದುದರಿಂದ ಬೇಗನೆ ಪತ್ತೆಯಾಗಬೇಕು. ಗಂಡು ಶಿಶುವಿನ ಮೂತ್ರವು ಧಾರೆಯಾಗಿ ಬಾರದೆ ತೊಟ್ಟಿಕ್ಕುತ್ತಿದ್ದರೆ, ಅಥವಾ ಮೂತ್ರ ಮಾಡುವಾಗ ಮಗು ಮುಕ್ಕಿರಿದು ಅಳುತ್ತಿದ್ದರೆ, ದೊಡ್ಡವನಾದಂತೆ ಸರಿಹೋದೀತೆಂದು ಕಾಯದೆ ಮಕ್ಕಳ ತಜ್ಞರಿಗೆ ತೋರಿಸತಕ್ಕದ್ದು.

ಮೂತ್ರದ ಕಲ್ಲು ಸಹ ಒಂದು ಕಾರಣ. ಸುಣ್ಣದ ಕಲ್ಲಿನ ಈ ಪ್ರದೇಶದಲ್ಲಿ ಗಡಸು ನೀರೇ ಕಲ್ಲಿಗೆ ಮೂಲವೆಂಬ ನಂಬಿಕೆ ಬಲವಾಗಿದೆ. ಆದರೆ ಗಡಸು ನೀರಿನಿಂದಲೇ ಮೂತ್ರದ ಕಲ್ಲು ಆಗುತ್ತದೆ ಎಂಬುದು ಸಿದ್ಧಪಟ್ಟಿಲ್ಲ. ಈ ನಂಬಿಕೆಯಿಂದ ಮಕ್ಕಳಿಗೆ ನೀರನ್ನೇ ಕಡಿಮೆ ಕೊಡುವುದಾದಲ್ಲಿ ಹಾನಿಯೇ ಹೆಚ್ಚು. ಬೇಸಿಗೆಯ ಬಿಸಿಲಿನಲ್ಲಿ ಬೆವರಿ, ಸಾಕಷ್ಟು ನೀರು ಕುಡಿಯದ ದೇಹದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು.

ಗರ್ಭಿಣಿಯರ ಸ್ಕ್ಯಾನಿಂಗ್ ವರದಿಯಲ್ಲಿ ಶಿಶುವಿನ ಮೂತ್ರಪಿಂಡ ಹಿಗ್ಗಿದೆ ಎಂದು ಬರೆದಿದ್ದಲ್ಲಿ ಗಾಬರಿಯಾಗುವ ಅಗತ್ಯವಿಲ್ಲ. ಅಲ್ಪ ಪ್ರಮಾಣದ ಹಿಗ್ಗುವಿಕೆಯು ಬಹುತೇಕ ಮಕ್ಕಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಆ ವರದಿಯನ್ನು ಹೆರಿಗೆಯಾದ ಆಸ್ಪತ್ರೆಯಲ್ಲಿ ತಪ್ಪದೆ ತೋರಿಸಬೇಕು. ಹುಟ್ಟಿದ ಮೊದಲ 48 ಗಂಟೆಗಳಲ್ಲಿ ಶಿಶುವಿನ ದೇಹದಲ್ಲಿ ನೀರಿನ ಅಂಶ ಕಡಿಮೆಯಿರುವುದರಿಂದ ಸ್ಕ್ಯಾನಿಂಗ್‌ನಲ್ಲಿ ಹಿಗ್ಗುವಿಕೆ ಇರುವುದಕ್ಕಿಂತ ಚಿಕ್ಕದಾಗಿ ಕಾಣಬಹುದು. ಈ ಕಾರಣ ಪರೀಕ್ಷೆಯನ್ನು ಸಾಮಾನ್ಯವಾಗಿ ಅನಂತರ ಮಾಡಲಾಗುತ್ತದೆ. ಎರಡೂ ಕಡೆ ಹಿಗ್ಗಿರುವ ಅಥವಾ ಕವಾಟದ ಸಂಶಯವಿರುವ ಶಿಶುಗಳಿಗೆ ಈ ಕಾಯುವಿಕೆ ಅನ್ವಯಿಸುವುದಿಲ್ಲ.

ಹೊರಹರಿಸುವ ವಿಧಾನಗಳು

ಮೂತ್ರವನ್ನು ಹೊರಹರಿಸುವ ಚಿಕಿತ್ಸೆಗಳಲ್ಲಿ ಹೆಚ್ಚಿನವು ತಾತ್ಕಾಲಿಕ ಕ್ರಮಗಳು. ಒತ್ತಡ ಇಳಿಸಿ ಮೂತ್ರಪಿಂಡವನ್ನು ಉಳಿಸಿಕೊಳ್ಳುವುದು ಅವುಗಳ ಉದ್ದೇಶ. ಮೂಲ ದೋಷದ ದುರಸ್ತಿ ಬೇರೆಯೇ ಆಗಬೇಕಾಗುತ್ತದೆ.

ಕವಾಟವಿರುವ ಶಿಶುವಿಗೆ ಮೊದಲು ಮೂತ್ರಕೋಶಕ್ಕೆ ಸಣ್ಣ ಕ್ಯಾತಿಟರ್ ಹಾಕಲಾಗುತ್ತದೆ. ನಂತರ ದುರ್ಬೀನಿನ ಸಹಾಯದಿಂದ ಪೊರೆಯನ್ನು ಕತ್ತರಿಸಲಾಗುತ್ತದೆ. ಶಿಶು ತೀರ ಚಿಕ್ಕದಿದ್ದು ಉಪಕರಣ ಹಿಡಿಸದಿದ್ದಲ್ಲಿ ಹೊಕ್ಕುಳ ಕೆಳಗೆ ಮೂತ್ರಕೋಶವನ್ನೇ ಹೊಟ್ಟೆಯ ಚರ್ಮಕ್ಕೆ ತೆರೆದಿಡುವ ವೆಸಿಕಾಸ್ಟಮಿ ಮಾಡುವುದುಂಟು. ಅದರಿಂದ ಮೂತ್ರವು ನೇರವಾಗಿ ಲಂಗೋಟಿಗೆ ಸೋರುತ್ತದೆ, ಚೀಲ ಬೇಕಾಗುವುದಿಲ್ಲ. ನೋಡುವವರಿಗೆ ಇದು ವಿಚಿತ್ರವಾಗಿ ಕಾಣುವುದರಿಂದ ನೆರೆಹೊರೆಯವರು ನಾನಾ ಮಾತು ಆಡಬಹುದು. ಪೋಷಕರು ಅದಕ್ಕೆ ಕಿವಿಗೊಡಬಾರದು. ಮಗು ಬೆಳೆದ ಮೇಲೆ ಆ ದ್ವಾರವನ್ನು ಮುಚ್ಚಲಾಗುತ್ತದೆ.

ನೆಫ್ರಾಸ್ಟಮಿ ಎಂದರೆ ಬೆನ್ನಿನ ಬದಿಯಿಂದ ಸೂಜಿಯ ಮೂಲಕ ಮೂತ್ರಪಿಂಡಕ್ಕೆ ನೇರವಾಗಿ ಕೊಳವೆ ಇಳಿಸುವುದು. ಅಮೆರಿಕದ ವಿಲ್ಲಾರ್ಡ್ ಗುಡ್‌ವಿನ್ ಮತ್ತು ಸಹೋದ್ಯೋಗಿಗಳು 1955ರಲ್ಲಿ ಇದನ್ನು ವಿವರಿಸಿದರು. ಇಂದು ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತಾ, ಮಗುವಿಗೆ ಅರಿವಳಿಕೆ ನೀಡಿ ಇದನ್ನು ಮಾಡಲಾಗುತ್ತದೆ. ತಡೆಯುಂಟಾದ ಮೂತ್ರಪಿಂಡದಲ್ಲಿ ಕೀವು ತುಂಬಿ ಮಗುವಿಗೆ ಚಳಿಜ್ವರ ಬಂದಿರುವಾಗ ಇದು ಜೀವ ಉಳಿಸುವ ತುರ್ತು ಚಿಕಿತ್ಸೆ. ಕೀವು ಒಳಗೇ ಉಳಿದರೆ ಔಷಧವೊಂದರಿಂದಲೇ ಸೋಂಕು ಹತೋಟಿಗೆ ಬರುವುದು ಕಷ್ಟ.

ಡಿ.ಜೆ. ಸ್ಟೆಂಟ್ ಎಂಬುದು ಎರಡೂ ತುದಿ ಸುರುಳಿಯಾಗಿರುವ ತೆಳು ಕೊಳವೆ. ಒಂದು ತುದಿ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಇರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕಿರಿದಾದ ಕೂಡುಸ್ಥಳವನ್ನು ಕತ್ತರಿಸಿ ಮರುಜೋಡಿಸುವ ಪೈಲೋಪ್ಲಾಸ್ಟಿ ಶಸ್ತ್ರಚಿಕಿತ್ಸೆಯ ನಂತರ ಇದನ್ನು ಕೆಲವು ವಾರಗಳ ಕಾಲ ಒಳಗೆ ಬಿಡುವ ಪದ್ಧತಿಯಿದೆ. ಬ್ರಿಟನ್ನಿನ ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ವಿವರಿಸಿದ ಪೈಲೋಪ್ಲಾಸ್ಟಿ ಕ್ರಮವೇ ಇಂದಿಗೂ ಬಳಕೆಯಲ್ಲಿದೆ.

ತಡೆ ನಿವಾರಣೆಯಾದ ಕೂಡಲೇ ಕೆಲವು ಮಕ್ಕಳಲ್ಲಿ ಮೂತ್ರವು ವಿಪರೀತವಾಗಿ ಹೊರಬರುತ್ತದೆ. ಆಗ ದಾದಿಯರು ಮಗುವಿಗೆ ನೀಡಿದ ದ್ರವವನ್ನೂ ಹೊರಬಂದ ಮೂತ್ರವನ್ನೂ ಗಂಟೆಗಂಟೆಗೆ ಅಳೆದು ಬರೆಯುತ್ತಾರೆ. ಇದು ಜಮಾ-ಖರ್ಚಿನ ಪುಸ್ತಕವಿದ್ದಂತೆ. ಲೆಕ್ಕ ತಪ್ಪಿದರೆ ಮಗು ನಿರ್ಜಲಗೊಳ್ಳುತ್ತದೆ. ಆದುದರಿಂದ ಪೋಷಕರು ಚೀಲವನ್ನು ತಾವಾಗಿ ಖಾಲಿ ಮಾಡದೆ ದಾದಿಯರಿಗೆ ತಿಳಿಸುವುದು.

ಮನೆಯಲ್ಲಿ ಆರೈಕೆ

ನೆಫ್ರಾಸ್ಟಮಿ ಕೊಳವೆಯ ಚೀಲವು ಸದಾ ಮೂತ್ರಪಿಂಡದ ಮಟ್ಟಕ್ಕಿಂತ ಕೆಳಗಿರಬೇಕು. ಮಗುವನ್ನು ಎತ್ತಿಕೊಳ್ಳುವಾಗ ಚೀಲವನ್ನು ಹೆಗಲ ಮೇಲೆ ಹಾಕಿಕೊಳ್ಳಬಾರದು. ಕೊಳವೆ ಮಡಚಿಕೊಳ್ಳದಂತೆ ಹಾಗೂ ತೊಟ್ಟಿಲ ಹಗ್ಗಕ್ಕೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಚೀಲವನ್ನು ಮುಟ್ಟುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ಕೆರೆ, ಕಾಲುವೆ ಅಥವಾ ತೊಟ್ಟಿಯಲ್ಲಿ ಮುಳುಗಿಸಿ ಸ್ನಾನ ಮಾಡಿಸತಕ್ಕದ್ದಲ್ಲ. ಗಾಯದ ಮೇಲೆ ಅರಿಶಿನ, ಬೂದಿ, ಸುಣ್ಣ ಹಚ್ಚಕೂಡದು.

ಕೊಳವೆ ಜಾರಿ ಹೊರಬಂದಲ್ಲಿ ಅದನ್ನು ಮರಳಿ ತುರುಕಬಾರದು. ಶುದ್ಧ ಬಟ್ಟೆಯಿಂದ ರಂಧ್ರವನ್ನು ಮುಚ್ಚಿ, ಬಿದ್ದ ಕೊಳವೆಯನ್ನೂ ಜೊತೆಗಿಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಹೊಸದಾಗಿ ಮಾಡಿದ ದಾರಿಯು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದಾದುದರಿಂದ ಬೆಳಗಿನ ಬಸ್ಸಿಗಾಗಿ ಕಾಯದೆ 108 ಆಂಬ್ಯುಲೆನ್ಸ್ ಕರೆಯುವುದು ಸೂಕ್ತ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಚೀಲಕ್ಕೆ ಮೂತ್ರ ಬರುವುದು ನಿಂತಿರುವುದು, ದಟ್ಟ ಕೆಂಪು ರಕ್ತ, ನಿಲ್ಲದ ವಾಂತಿ ಇವುಗಳಲ್ಲಿ ಯಾವುದೊಂದು ಕಂಡರೂ ಇದೇ ಕ್ರಮ. ಸ್ಟೆಂಟ್ ಇರುವ ಮಗುವಿಗೆ ಮೂತ್ರ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗುವುದು, ಪದೇಪದೇ ಮೂತ್ರಕ್ಕೆ ಹೋಗುವುದು ಸಾಮಾನ್ಯ.

ಸ್ಟೆಂಟ್ ತೆಗೆಸುವ ದಿನಾಂಕ

ಹೊರಗೆ ಕಾಣದಿರುವುದೇ ಸ್ಟೆಂಟಿನ ದೊಡ್ಡ ತೊಡಕು. ಮಗು ಆಡಿಕೊಂಡಿರುತ್ತದೆ, ನೋವಿರುವುದಿಲ್ಲ. ಅಷ್ಟರಲ್ಲಿ ತೊಗರಿ ರಾಶಿಯ ಕಾಲ ಬರುತ್ತದೆ, ಅಥವಾ ಕುಟುಂಬವು ಕೆಲಸಕ್ಕಾಗಿ ಮುಂಬಯಿ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತದೆ. ತೆಗೆಸುವುದು ಉಳಿದುಹೋಗುತ್ತದೆ. ದೀರ್ಘಕಾಲ ಉಳಿದ ಸ್ಟೆಂಟಿನ ಮೇಲೆ ಕಲ್ಲು ಕಟ್ಟುತ್ತದೆ, ಅದು ತುಂಡಾಗಲೂಬಹುದು. ಉಳಿಸಲು ಹೊರಟ ಮೂತ್ರಪಿಂಡವೇ ನಷ್ಟವಾಗಬಹುದು. ಪೈಲೋಪ್ಲಾಸ್ಟಿಯ ನಂತರ ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಸ್ಟೆಂಟ್ ತೆಗೆಯಲಾಗುತ್ತದೆ. ಮಕ್ಕಳಲ್ಲಿ ಇದಕ್ಕೆ ಬಹುತೇಕ ಮತ್ತೊಮ್ಮೆ ಅರಿವಳಿಕೆ ಬೇಕಾಗುವುದರಿಂದ ಒಂದು ದಿನದ ಸಮಯ ಇಟ್ಟುಕೊಂಡು ಬರಬೇಕು.

ಬಿಡುಗಡೆ ಪತ್ರದಲ್ಲಿ ಸ್ಟೆಂಟ್ ಹಾಕಿದ ದಿನಾಂಕ, ಯಾವ ಬದಿ, ತೆಗೆಸಬೇಕಾದ ದಿನಾಂಕ ಈ ಮೂರನ್ನೂ ಕನ್ನಡದಲ್ಲಿ ಬರೆಸಿಕೊಳ್ಳಲು ಕೋರಲಾಗಿದೆ. ಅದರ ನಕಲನ್ನು ಆಶಾ ಕಾರ್ಯಕರ್ತೆಯವರಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೀಡುವುದು ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವ ಹಳೆಯ ರೂಢಿಯೂ ಇಲ್ಲಿ ಉಪಯುಕ್ತವೇ.

ಎಲ್ಲಿಗೆ ಹೋಗುವುದು, ವೆಚ್ಚ ಹೇಗೆ

ಮೊದಲಿಗೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಬಹುದು. ಇ.ಎಸ್.ಐ. ಸೌಲಭ್ಯವುಳ್ಳ ಸಿಮೆಂಟ್ ಕಾರ್ಖಾನೆ ಕಾರ್ಮಿಕರ ಮಕ್ಕಳಿಗೆ ಕಲಬುರಗಿಯಲ್ಲಿಯೇ ಇ.ಎಸ್.ಐ.ಸಿ. ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇರುತ್ತದೆ. ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿರುವ ಚಿತ್ತಾಪುರ, ಸೇಡಂ ಭಾಗದವರು ಹೈದರಾಬಾದಿನ ನಿಲೋಫರ್ ಆಸ್ಪತ್ರೆಗೆ ಹೋಗುವುದೂ ಉಂಟು. ಅಂತಹವರು ಯೋಜನೆಯ ಸೌಲಭ್ಯ ಅಲ್ಲಿ ದೊರೆಯುವುದೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ತುರ್ತು ಸಂದರ್ಭ ಹೊರತುಪಡಿಸಿ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯುವುದು ಅವಶ್ಯ. ಪಡಿತರ ಚೀಟಿ, ಮಗುವಿನ ಹಾಗೂ ಪೋಷಕರ ಆಧಾರ್, ತಾಯಿ ಕಾರ್ಡ್, ಗರ್ಭಾವಸ್ಥೆಯ ಸ್ಕ್ಯಾನಿಂಗ್ ವರದಿಗಳು ಮತ್ತು ಹಿಂದಿನ ಎಲ್ಲ ಬಿಡುಗಡೆ ಪತ್ರಗಳನ್ನು ಮೂಲ ಪ್ರತಿಗಳೊಂದಿಗೆ ಒಂದೇ ಕಡತದಲ್ಲಿ ತರತಕ್ಕದ್ದು. ಮಗುವಿನ ಹೆಸರು ಪಡಿತರ ಚೀಟಿಯಲ್ಲಿ ಇನ್ನೂ ಸೇರ್ಪಡೆಯಾಗದಿದ್ದಲ್ಲಿ ಜನನ ಪ್ರಮಾಣ ಪತ್ರವನ್ನೂ ಜೊತೆಗೆ ತರುವುದು.